ವಾಸಿಯಾದ ಮೇಲಿನ ಬಾಳು

ಕ್ಯಾನ್ಸರ್ ರೋಗಕ್ಕೆ ನಮ್ಮಲ್ಲಿ ಏಡಿಗಂತಿ ಎಂಬ ಹೆಸರುಂಟು. ಪ್ರಾಚೀನ ಗ್ರೀಕ್ ವೈದ್ಯರೂ ಇದಕ್ಕೆ ಏಡಿಯ ಹೆಸರನ್ನೇ ಇಟ್ಟಿದ್ದರು. ಗಂಟಿನ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಅವರಿಗೆ ತೋರಿದ್ದುವು. ಹೆಸರೆತ್ತಲೂ ಜನ ಅಂಜುವ ರೋಗ ಇದು. ಹೆಂಗಸಿನ ಎದೆಯಲ್ಲಿ ಕಾಣಿಸಿಕೊಂಡರೆ ಅಂಜಿಕೆಯೊಡನೆ ನಾಚಿಕೆಯೂ ಸೇರಿಕೊಳ್ಳುತ್ತದೆ.

ಈ ರೋಗದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಶಸ್ತ್ರವೈದ್ಯರ ಚರಿತ್ರೆಯನ್ನೇ ಬರೆದಿದ್ದಾರೆ. ಯಾರು ಎಷ್ಟು ಕೊಯ್ದರು, ಯಾವ ಹೊಸ ವಿಧಾನವನ್ನು ಕಂಡುಹಿಡಿದರು, ಎಷ್ಟು ಮಂದಿ ಉಳಿದರು ಎಂಬುದರಲ್ಲಿ ಆ ಚರಿತ್ರೆ ಮುಗಿದುಹೋಗುತ್ತದೆ. ಆದರೆ ಉಳಿದು ಮನೆಗೆ ಹಿಂದಿರುಗಿದವಳ ಕಥೆ ಆರಂಭವಾಗುವುದೇ ಅಲ್ಲಿಂದ ಮುಂದೆ. ಈ ಕೈಯಿಂದ ನೀರು ಸೇದಬಹುದೆ? ಮಗುವನ್ನು ಎತ್ತಿಕೊಳ್ಳಬಹುದೆ? ಇನ್ನೊಂದು ಮಗುವನ್ನು ಹಡೆಯಬಹುದೆ? ಕೊಟ್ಟ ಗುಳಿಗೆಯನ್ನು ಎಷ್ಟು ವರ್ಷ ನುಂಗಬೇಕು? ರೋಗ ಮರಳಿ ಬಂದೀತೆಂದು ಮೇಲಿಂದ ಮೇಲೆ ಪರೀಕ್ಷೆ ಮಾಡಿಸುತ್ತಿರಬೇಕೆ? ಈ ಪ್ರಶ್ನೆಗಳನ್ನು ಕೇಳುವ ಹಕ್ಕು ಹೆಂಗಸಿಗೆ ಬಂದದ್ದು ತೀರ ಈಚೆಗೆ. ಅದು ಹೇಗೆ ಬಂದಿತೆಂಬುದನ್ನು ಇಲ್ಲಿ ನೋಡೋಣ.

ಮೊದಲು ಪ್ಯಾರಿಸ್ ನಗರದ ಒಂದು ಮನೆಗೆ ಹೋಗಬೇಕು. 1811ನೆಯ ಇಸವಿ ಸೆಪ್ಟೆಂಬರ್ 30. ಆ ಮನೆಯೊಡತಿ ಫ್ಯಾನಿ ಬರ್ನಿ. ಇಂಗ್ಲೆಂಡಿನಲ್ಲಿ 1778ರಲ್ಲಿ 'ಇವೆಲೀನಾ' ಎಂಬ ಕಾದಂಬರಿಯನ್ನು ಬರೆದು ಹೆಸರಾದವಳು. ಫ್ರೆಂಚ್ ಸೇನಾಧಿಕಾರಿಯೊಬ್ಬನನ್ನು ಮದುವೆಯಾಗಿದ್ದಳು. 1802ರಲ್ಲಿ ಗಂಡನ ನಾಡಿಗೆ ಹೋದವಳು ಎರಡು ದೇಶಗಳ ನಡುವೆ ಯುದ್ಧ ಹೊತ್ತಿಕೊಂಡುದರಿಂದ ಅಲ್ಲಿಯೇ ಸಿಕ್ಕಿಕೊಂಡಳು. ಆಗ ಅವಳಿಗೆ 59 ವರ್ಷ. ಬಲ ಎದೆಯಲ್ಲಿ ಗಂಟು, ತಾಳಲಾರದ ನೋವು. ನೆಪೋಲಿಯನ್ನನ ಸೈನ್ಯದ ಪ್ರಸಿದ್ಧ ಶಸ್ತ್ರವೈದ್ಯ ಲಾರೆ ಪರೀಕ್ಷಿಸಿ, ಕೊಯ್ಯದೆ ಬೇರೆ ದಾರಿಯಿಲ್ಲವೆಂದನು. ಯಾವ ದಿನ ಕೊಯ್ಯುವರೆಂದು ಮುಂಚಿತವಾಗಿ ಹೇಳಲಿಲ್ಲ. ಅಂದು ಬೆಳಿಗ್ಗೆ ಅವಳು ಇನ್ನೂ ಹಾಸಿಗೆಯಲ್ಲಿರುವಾಗಲೇ ವೈದ್ಯರಿಂದ ಕಾಗದ ಬಂದಿತು. ಉಳಿದದ್ದು ಕೆಲವೇ ಗಂಟೆಗಳು. ಗಂಡನಿಗೆ ಈ ಹಿಂಸೆಯನ್ನು ತೋರಿಸಬಾರದೆಂದು ಆತ ಮನೆಯಿಂದ ಹೊರಗಿರುವಂತೆ ಅವಳೇ ಏರ್ಪಾಡು ಮಾಡಿಕೊಂಡಳು.

ಮಧ್ಯಾಹ್ನ ಕರಿಯ ಉಡುಪಿನ ಏಳು ಮಂದಿ ಗಂಡಸರು ಒಳಗೆ ಬಂದರು. ಅವಳನ್ನು ಮಲಗಿಸಿ ಮುಖದ ಮೇಲೆ ಒಂದು ತೆಳುವಾದ ಕರವಸ್ತ್ರವನ್ನು ಹೊದಿಸಿದರು. ಬಟ್ಟೆ ತೆಳುವಾಗಿದ್ದುದರಿಂದ ಅದರ ಮೂಲಕ ಎಲ್ಲವೂ ಅವಳಿಗೆ ಕಾಣುತ್ತಿತ್ತು. ವೈದ್ಯನ ಬೆರಳು ಗಾಳಿಯಲ್ಲಿ ಎಳೆದ ಗೆರೆಗಳಿಂದ ಎದೆಯನ್ನು ಪೂರ್ತಿಯಾಗಿ ತೆಗೆಯುತ್ತಾರೆಂಬುದು ಅವಳಿಗೆ ತಿಳಿಯಿತು. ಎದೆಯನ್ನು ಹಿಡಿದುಕೊಳ್ಳುವವರು ಯಾರೆಂದು ಒಬ್ಬನು ಕೇಳಿದಾಗ ಅವಳು ಧಡಕ್ಕನೆ ಎದ್ದು ಕುಳಿತು, ಬಟ್ಟೆಯನ್ನು ಕಿತ್ತೆಸೆದು, ತಾನೇ ಹಿಡಿಯುತ್ತೇನೆಂದಳು. ನೋವು ಹುಟ್ಟುವುದು ಒಂದೇ ಸ್ಥಳದಿಂದ ಎಂದು ಕೈಯಿಟ್ಟು ವಿವರಿಸಿದಳು. ಅವರು ಸದ್ದಿಲ್ಲದೆ ಕೇಳಿದರು. ಕೇಳಿ, ಅವಳನ್ನು ಮೊದಲಿನಂತೆಯೇ ಮಲಗಿಸಿ, ಕರವಸ್ತ್ರವನ್ನು ಮತ್ತೆ ಮುಖದ ಮೇಲೆ ಹೊದಿಸಿದರು. ಅರಿವಳಿಕೆಯಿಲ್ಲದೆ, ಎಚ್ಚರವಿರುವಾಗಲೇ ಎದೆಯನ್ನು ತೆಗೆದರು. ಎಚ್ಚರವಿದ್ದ ರೋಗಿಯ ಮಾತನ್ನು ಅಂದಿನ ವೈದ್ಯರು ಕೇಳಲಾದರೂ ಕೇಳಿದರು. ಅದರಿಂದ ತೀರ್ಮಾನ ಮಾತ್ರ ಕದಲಲಿಲ್ಲ.

ಮುಂದಿನ ಕಥೆಯೂ ಅಷ್ಟೇ ಮುಖ್ಯ. ಬಹಳ ತಿಂಗಳುಗಳವರೆಗೆ ಆ ದಿನದ ಮಾತನ್ನೆತ್ತಲೂ ಅವಳಿಂದಾಗಲಿಲ್ಲ. ಆಮೇಲೆ ಇಂಗ್ಲೆಂಡಿನಲ್ಲಿದ್ದ ಅಕ್ಕ ಎಸ್ತರಳಿಗೆ ನಡೆದುದೆಲ್ಲವನ್ನೂ ಕಾಗದದಲ್ಲಿ ಬರೆದಳು. ಬರೆದು ಮುಗಿಸಲು ತಿಂಗಳುಗಳೇ ಹಿಡಿದುವು. ಅನಂತರ ಅವಳು ಬದುಕಿದ್ದುದು 28 ವರ್ಷ. 1814ರಲ್ಲಿ ಇನ್ನೊಂದು ಕಾದಂಬರಿ, 1832ರಲ್ಲಿ ತಂದೆಯ ಚರಿತ್ರೆ. ವಾಟರ್ಲೂ ಯುದ್ಧದ ಕಾಲಕ್ಕೆ ಬ್ರಸೆಲ್ಸಿನಲ್ಲಿದ್ದಳು. ಗಂಡನ ಸಾವನ್ನು ಕಂಡಳು, ಒಬ್ಬನೇ ಮಗನ ಸಾವನ್ನೂ ಕಂಡಳು. 1840ರಲ್ಲಿ 87 ವರ್ಷ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಗಂಟು ನಿಜವಾಗಿಯೂ ಕ್ಯಾನ್ಸರೇ ಆಗಿತ್ತೆ ಎಂದು ಇಂದಿನ ಕೆಲವರು ಸಂಶಯಪಡುವುದುಂಟು. ಹೇಗಿದ್ದರೂ ಎದೆಯನ್ನು ಕಳೆದುಕೊಂಡ ಮೇಲೂ ತುಂಬು ಬಾಳು ಸಾಧ್ಯವೆಂಬುದಕ್ಕೆ ಅವಳು ಸಾಕ್ಷಿ.

ನೋವಿಲ್ಲದೆ ಕೊಯ್ಯುವ ಉಪಾಯ ಆ ಹೊತ್ತಿಗಾಗಲೇ ಭೂಮಿಯ ಇನ್ನೊಂದು ಮೂಲೆಯಲ್ಲಿ ಸಿದ್ಧವಾಗಿತ್ತು. ಜಪಾನಿನ ಹನಾವೊಕಾ ಸೇಶು ಎಂಬ ವೈದ್ಯನು 1804ರಲ್ಲಿ ಗಿಡಮೂಲಿಕೆಗಳ ಕಷಾಯವನ್ನು ಕುಡಿಸಿ, ಮೈಮೇಲೆ ಅರಿವಿಲ್ಲದಂತೆ ಮಾಡಿ, 60 ವರ್ಷದ ಮುದುಕಿಯೊಬ್ಬಳ ಎದೆಯ ಗಂಟನ್ನು ತೆಗೆದಿದ್ದನು. ಆಗ ಜಪಾನು ಹೊರಗಿನವರಿಗೆ ಬಾಗಿಲು ಮುಚ್ಚಿದ್ದುದರಿಂದ ಈ ಸುದ್ದಿ ಯೂರೋಪಿಗೆ ಮುಟ್ಟಲಿಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರಿನ ಪ್ರಯೋಗ ಬಹಿರಂಗವಾಗಿ ನಡೆದದ್ದು 1846ರಲ್ಲಿ. ಈಥರಿನಿಂದ ನೋವು ಹೋಯಿತು. ಆದರೆ ನಿದ್ರೆಯಲ್ಲಿರುವ ರೋಗಿ ಎದ್ದು ಕುಳಿತು ಪ್ರಶ್ನೆ ಕೇಳುವುದಿಲ್ಲ; ಶಸ್ತ್ರವೈದ್ಯನಿಗೆ ಬೇಕಾದಷ್ಟು ಸಮಯವೂ ದೊರೆಯಿತು. ಕೊಯ್ತ ದೊಡ್ಡದಾಗುತ್ತ ಹೋಯಿತು.

ಅದನ್ನು ಕೊನೆಮುಟ್ಟಿಸಿದವನು ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್. ರೋಗ ಗಂಟಿನಿಂದ ಸುತ್ತಮುತ್ತಲಿಗೆ ಕ್ರಮವಾಗಿ ಹಬ್ಬುತ್ತದೆ, ಹಬ್ಬುವ ದಾರಿಯನ್ನೇ ಕಿತ್ತುಹಾಕಿದರೆ ರೋಗ ಉಳಿಯದು ಎಂಬುದು ಅವನ ನಂಬಿಕೆ. ಎದೆ, ಅದರಡಿಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುವ ವಿಧಾನವನ್ನು ರೂಢಿಸಿ, 1894ರಲ್ಲಿ 50 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಅದೇ ಸ್ಥಳದಲ್ಲಿ ರೋಗ ಮರುಕಳಿಸುವುದು ಬಹಳ ಕಡಿಮೆಯಾಯಿತು. ಇದು ಸಾಮಾನ್ಯ ಸಾಧನೆಯಲ್ಲ. ಅವನನ್ನು ಕ್ರೂರಿಯೆಂದು ಇಂದು ನಾವು ಜರಿಯಬೇಕಾಗಿಲ್ಲ. ಆದರೆ ಬದುಕಿ ಉಳಿದವರ ಎದೆಗೂಡು ಹಳ್ಳಬಿದ್ದಿತು. ತೋಳನ್ನು ಮೇಲೆತ್ತುವುದು ಕಷ್ಟವಾಯಿತು. ಕಂಕುಳಿನಲ್ಲಿ ಹರಿಯಬೇಕಾದ ದುಗ್ಧರಸಕ್ಕೆ ದಾರಿಯಿಲ್ಲದೆ ಎಷ್ಟೋ ಮಂದಿಯ ಕೈ ಊದಿಕೊಂಡಿತು. ಹಾಲ್‌ಸ್ಟೆಡ್ ತಾನೇ 1921ರಲ್ಲಿ ಈ ಊತವನ್ನು ಕುರಿತು ಲೇಖನ ಬರೆದು, ಅದಕ್ಕೆ ಆನೆಕಾಲು ರೋಗದ ಹೆಸರನ್ನೇ ಕೊಟ್ಟನು. ರೋಗದಿಂದ ಬಂದದ್ದಲ್ಲ, ಚಿಕಿತ್ಸೆಯಿಂದ ಬಂದದ್ದು ಎಂಬುದು ಆ ಹೆಸರಿನಲ್ಲಿಯೇ ಇತ್ತು. ಅವನ ವಿಧಾನ ಮಾತ್ರ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಾನೂನಿನಂತೆ ನಡೆದುಬಂದಿತು.

ಈ ಶಸ್ತ್ರಚಿಕಿತ್ಸೆಯ ಮರುದಿನ ಏನು ಎಂದು ಗಟ್ಟಿಯಾಗಿ ಕೇಳಿದವರಲ್ಲಿ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಮುಖ್ಯರು. ಅವರಿಗೆ ಈ ಶಸ್ತ್ರಚಿಕಿತ್ಸೆಯಾದದ್ದು 1952ರಲ್ಲಿ. ಕೈಯನ್ನು ಹೇಗೆ ಆಡಿಸಬೇಕು, ಉಡುಪು ಹೇಗೆ, ಗಂಡನೊಡನೆ ಮಕ್ಕಳೊಡನೆ ಏನು ಹೇಳಬೇಕು ಎಂಬುದನ್ನು ತಿಳಿಸುವವರು ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ತಾವೇ ಕಲಿತುಕೊಂಡರು, ಕಲಿತದ್ದನ್ನು ಹೇಳಿಕೊಡಲು ಆಸ್ಪತ್ರೆಗಳಿಗೆ ಹೋಗತೊಡಗಿದರು. ಕೈಯಲ್ಲಿ ದಾರ ಕಟ್ಟಿದ ರಬ್ಬರ್ ಚೆಂಡು, ಎದೆಯ ಆಕಾರಕ್ಕೆ ಇಟ್ಟುಕೊಳ್ಳುವ ಮೆತ್ತೆ, ವ್ಯಾಯಾಮಗಳ ಒಂದು ಪಟ್ಟಿ. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ದಿನದಿನಕ್ಕೆ ಒಂದಿಷ್ಟು ಮೇಲಕ್ಕೆ ಏರಿಸುವುದು ಅವುಗಳಲ್ಲೊಂದು. ಕೆಲವು ವೈದ್ಯರಿಗೆ ಈ ಹೆಂಗಸಿನ ಪ್ರವೇಶ ಹಿಡಿಸಲಿಲ್ಲ. ಆದರೂ ಅವರು ಕಟ್ಟಿದ ಸಂಸ್ಥೆ ಬೆಳೆಯಿತು. 1969ರಲ್ಲಿ ಅಮೆರಿಕದ ಕ್ಯಾನ್ಸರ್ ಸೊಸೈಟಿ ಅದನ್ನು ತನ್ನದನ್ನಾಗಿ ಮಾಡಿಕೊಂಡಿತು. ಮುಂದೆ ಅನೇಕ ದೇಶಗಳಿಗೆ ಹರಡಿತು. ರೋಗಿಯನ್ನು ನೋಡಲು ಹೋಗುವವಳು ತಾನೂ ಅದೇ ದಾರಿಯಲ್ಲಿ ನಡೆದು ಬಂದವಳಾಗಿರಬೇಕೆಂಬುದು ಅದರ ನಿಯಮ. ಚಿಕಿತ್ಸೆ ಸರಿಯೆ ತಪ್ಪೆ ಎಂಬ ಮಾತನ್ನು ಅವಳು ಎತ್ತಕೂಡದೆಂಬುದು ಇನ್ನೊಂದು ನಿಯಮ. ಹೇಗೆ ಬಾಳಬೇಕೆಂದು ಕೇಳಬಹುದಾಗಿತ್ತು; ಇಷ್ಟೊಂದು ಕೊಯ್ಯಬೇಕಾಗಿತ್ತೆ ಎಂದು ಕೇಳುವಂತಿರಲಿಲ್ಲ.

ಆ ಎರಡನೆಯ ಪ್ರಶ್ನೆಯನ್ನು ವೈದ್ಯರಲ್ಲೇ ಕೆಲವರು ಕೇಳಿದ್ದರು. ಅರ್ಥಶಾಸ್ತ್ರಜ್ಞ ಕೇನ್ಸರ ತಮ್ಮ ಜೆಫ್ರಿ ಕೇನ್ಸ್ ಲಂಡನ್ನಿನಲ್ಲಿ 1920ರ ದಶಕದಿಂದಲೇ ಎದೆಯನ್ನು ಉಳಿಸಿ ರೇಡಿಯಂ ಸೂಜಿಗಳಿಂದ ಚಿಕಿತ್ಸೆ ಮಾಡುತ್ತಿದ್ದರು. 1937ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದರು. ಹೆಚ್ಚು ಮಂದಿ ಕಿವಿಗೊಡಲಿಲ್ಲ. ಒಬ್ಬ ವೈದ್ಯರ ಅನುಭವ ಇನ್ನೊಬ್ಬರನ್ನು ಒಪ್ಪಿಸಲಾರದು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಎರಡು ಬಗೆಯ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಕಾದು ಲೆಕ್ಕ ನೋಡಿದರೆ ಮಾತ್ರ ಸತ್ಯ ಹೊರಬೀಳುತ್ತದೆ. ಇಟಲಿಯ ಮಿಲಾನಿನಲ್ಲಿ ಉಂಬೆರ್ಟೊ ವೆರೊನೇಸಿ 1973ರಿಂದ 701 ಹೆಂಗಸರನ್ನು ಸೇರಿಸಿಕೊಂಡು ಹೀಗೆ ಪರೀಕ್ಷಿಸಿದರು. ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್ 1976ರಲ್ಲಿ ಆರಂಭಿಸಿದ ಪರೀಕ್ಷೆಯಲ್ಲಿ 1,851 ಮಂದಿಯ ಲೆಕ್ಕ ದೊರೆಯಿತು. 2002ರಲ್ಲಿ ಇಪ್ಪತ್ತು ವರ್ಷಗಳ ಫಲಿತಾಂಶಗಳು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟವಾದುವು. ರೋಗ ಚಿಕ್ಕದಿರುವಾಗ ಹಿಡಿದರೆ, ಎದೆಯನ್ನು ಪೂರ್ತಿ ತೆಗೆದವರೂ ಗಂಟನ್ನಷ್ಟೇ ತೆಗೆಸಿ ಕಿರಣಚಿಕಿತ್ಸೆ ಪಡೆದವರೂ ಒಂದೇ ಪ್ರಮಾಣದಲ್ಲಿ ಬದುಕಿದ್ದರು. ಫಿಷರರ ಲೆಕ್ಕದಲ್ಲಿ ಇನ್ನೊಂದು ಅಂಶವಿತ್ತು: ಗಂಟನ್ನಷ್ಟೇ ತೆಗೆಸಿ ಕಿರಣಚಿಕಿತ್ಸೆಯನ್ನು ಬಿಟ್ಟವರಲ್ಲಿ ನೂರಕ್ಕೆ 39 ಮಂದಿಗೆ ಅದೇ ಎದೆಯಲ್ಲಿ ರೋಗ ಮರಳಿತು, ಕಿರಣಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 14 ಮಂದಿಗೆ ಮಾತ್ರ.

ಈ ಲೆಕ್ಕಗಳು ಕೈಗೆ ಬರುವ ಮೊದಲೇ ಜಗಳವಾಡಿದ ಹೆಂಗಸೊಬ್ಬರಿದ್ದರು. ಪತ್ರಿಕೆಗಳಿಗೆ ಬರೆಯುತ್ತಿದ್ದ ರೋಸ್ ಕುಶ್ನರ್ ಅವರಿಗೆ 1974ರ ಜೂನ್ ತಿಂಗಳಲ್ಲಿ ಎದೆಯಲ್ಲಿ ಗಂಟು ಸಿಕ್ಕಿತು. ಆಗಿನ ಪದ್ಧತಿಯೇನೆಂದರೆ, ಮೊದಲು ಅರಿವಳಿಕೆ ಕೊಟ್ಟು ಗಂಟಿನ ಒಂದು ಚೂರನ್ನು ಪರೀಕ್ಷೆಗೆ ಕಳಿಸುವುದು. ಕ್ಯಾನ್ಸರೆಂದು ಗೊತ್ತಾದರೆ ರೋಗಿಯನ್ನು ಎಬ್ಬಿಸದೆ ಆಗಲೇ ಎದೆಯನ್ನು ತೆಗೆದುಬಿಡುವುದು. ಎದ್ದಾಗ ಎದೆ ಇರುವುದೋ ಇಲ್ಲವೋ ಎಂಬುದು ಮಲಗುವವಳಿಗೆ ಗೊತ್ತಿರುತ್ತಿರಲಿಲ್ಲ. ಕುಶ್ನರ್ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ಯೋಚನೆ, ಆಮೇಲೆ ಚಿಕಿತ್ಸೆ ಎಂದು ಹಟ ಹಿಡಿದು, ಒಪ್ಪುವ ಶಸ್ತ್ರವೈದ್ಯರು ಸಿಗುವವರೆಗೆ ಒಬ್ಬರಾದ ಮೇಲೊಬ್ಬರನ್ನು ಹುಡುಕಿಕೊಂಡು ಹೋದರು.

ಅದೇ ವರ್ಷ ಸೆಪ್ಟೆಂಬರ್ 28ರಂದು ಅಮೆರಿಕದ ಅಧ್ಯಕ್ಷ ಫೋರ್ಡರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೆ ಇದೇ ರೀತಿ ಒಂದೇ ಸಲಕ್ಕೆ ಶಸ್ತ್ರಚಿಕಿತ್ಸೆಯಾಯಿತು. ತಡೆಯಬೇಕೆಂದು ಕುಶ್ನರ್ ಹಿಂದಿನ ದಿನ ಅಧ್ಯಕ್ಷರ ಭವನಕ್ಕೆ ಟೆಲಿಫೋನ್ ಮಾಡಿದಾಗ, ಅಧ್ಯಕ್ಷರು ತೀರ್ಮಾನಿಸಿ ಆಗಿದೆಯೆಂಬ ಉತ್ತರ ಬಂದಿತೆಂದು ಅವರು ಹೇಳಿದ್ದಾರೆ. ಮೈ ಹೆಂಡತಿಯದು, ತೀರ್ಮಾನ ಗಂಡನದು! ಆದರೆ ಬೆಟ್ಟಿ ಫೋರ್ಡರು ಮಾಡಿದ ಉಪಕಾರವೂ ಸಣ್ಣದಲ್ಲ. ತಮ್ಮ ರೋಗದ ಹೆಸರನ್ನು ಮುಚ್ಚಿಡದೆ ನಾಡಿಗೆಲ್ಲ ತಿಳಿಸಿದರು. ಸಾವಿರಾರು ಹೆಂಗಸರು ಪರೀಕ್ಷೆಗಾಗಿ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಆಕೆ 93 ವರ್ಷ ಬಾಳಿ 2011ರಲ್ಲಿ ತೀರಿಕೊಂಡರು. ಕುಶ್ನರ್ 1975ರಲ್ಲಿ ಪುಸ್ತಕ ಬರೆದರು. 1979ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿಯಲ್ಲಿ ಕುಳಿತರು. ಪರೀಕ್ಷೆಯೂ ಚಿಕಿತ್ಸೆಯೂ ಬೇರೆ ಬೇರೆ ದಿನಗಳಲ್ಲಿ ನಡೆಯಬೇಕೆಂದು ಆ ಸಮಿತಿ ಹೇಳಿತು. ಮುಖದ ಮೇಲಿನ ಕರವಸ್ತ್ರವನ್ನು ತೆಗೆದದ್ದು ಆಗ ಎನ್ನಬಹುದು. ಕುಶ್ನರ್ 1990ರಲ್ಲಿ ಅದೇ ರೋಗದಿಂದ ತೀರಿಕೊಂಡರು. ಪ್ರಶ್ನೆ ಕೇಳಿದವರೆಲ್ಲ ಉಳಿಯುತ್ತಾರೆಂದು ಚರಿತ್ರೆ ಹೇಳುವುದಿಲ್ಲ; ಅವರು ಕೇಳಿದ್ದರಿಂದ ಹಿಂದೆ ಬಂದವರ ದಾರಿ ಸುಗಮವಾಯಿತು.

ಕತ್ತಿಯ ಮಾತು ಇಲ್ಲಿಗೆ ಸಾಕು. ಇಂದು ಚಿಕಿತ್ಸೆ ಮುಗಿಸಿ ಮನೆಗೆ ಬಂದವಳ ಮುಂದಿರುವುದು ಗುಳಿಗೆಯ ಡಬ್ಬಿ. ಇದರ ಮೂಲ ಸ್ಕಾಟ್ಲೆಂಡಿನಲ್ಲಿದೆ. ಗ್ಲಾಸ್ಗೋ ನಗರದ ಜಾರ್ಜ್ ಬೀಟ್ಸನ್ ಎಂಬ ವೈದ್ಯನು ರೋಗ ಮಿತಿಮೀರಿದ್ದ 33 ವರ್ಷದ ಹೆಂಗಸಿನ ಅಂಡಾಶಯಗಳನ್ನು ತೆಗೆದು, ಎದೆಯ ಗಂಟುಗಳು ಕರಗಿದುದನ್ನು 1896ರಲ್ಲಿ ಪ್ರಕಟಿಸಿದನು. ಹೆಣ್ಣುತನದ ಹಾರ್ಮೋನು ಕೆಲವರ ರೋಗಕ್ಕೆ ಗೊಬ್ಬರವಾಗುತ್ತದೆಂಬುದು ಮುಂದೆ ಸ್ಪಷ್ಟವಾಯಿತು. ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ 1962ರಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನಶಾಸ್ತ್ರಜ್ಞೆ ತಯಾರಿಸಿದ ಟ್ಯಾಮಾಕ್ಸಿಫೆನ್ ಮೊದಲು ಗರ್ಭನಿರೋಧಕ್ಕೆಂದು ಹುಟ್ಟಿದ ಮದ್ದು. ಆ ಕೆಲಸಕ್ಕೆ ಬಾರದೆ ಈ ಕೆಲಸಕ್ಕೆ ಬಂದು, 1973ರಲ್ಲಿ ಅಲ್ಲಿ ಬಳಕೆಗೆ ಅನುಮತಿ ಪಡೆಯಿತು. ಹಾರ್ಮೋನಿಗೆ ಸ್ಪಂದಿಸುವ ಬಗೆಯ ರೋಗವಿದ್ದವರು ಐದು ವರ್ಷ ಇದನ್ನು ತೆಗೆದುಕೊಂಡರೆ, ಈ ರೋಗದಿಂದಾಗುವ ಸಾವು ಹದಿನೈದು ವರ್ಷಗಳ ಅವಧಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಇಳಿಯುತ್ತದೆಂದು 2011ರಲ್ಲಿ ಅನೇಕ ದೇಶಗಳ ಲೆಕ್ಕ ಕೂಡಿಸಿ ತೋರಿಸಿದರು.

ಐದೇ ವರ್ಷ ಏಕೆ, ಹತ್ತು ವರ್ಷ ನುಂಗಿದರೆ? 2013ರಲ್ಲಿ ಇದಕ್ಕೂ ಉತ್ತರ ಬಂದಿತು. ಐದನೆಯ ವರ್ಷದಿಂದ ಹದಿನಾಲ್ಕನೆಯ ವರ್ಷದವರೆಗೆ ಈ ರೋಗದಿಂದ ಸಾಯುವ ಸಂಭವ, ನಿಲ್ಲಿಸಿದವರಲ್ಲಿ ನೂರಕ್ಕೆ 15 ಇದ್ದದ್ದು ಮುಂದುವರಿಸಿದವರಲ್ಲಿ ಸುಮಾರು 12ಕ್ಕೆ ಇಳಿಯಿತು; ಆದರೆ ಗರ್ಭಕೋಶದ ಒಳಪೊರೆಯ ಕ್ಯಾನ್ಸರಿನ ಸಂಭವ ನೂರಕ್ಕೆ 1.6 ಇದ್ದದ್ದು 3.1ಕ್ಕೆ ಏರಿತು. ಲಾಭವಿದೆ, ನಷ್ಟವೂ ಇದೆ. ಮೈ ಬಿಸಿಯೇರಿ ಬೆವರುವ ದಿನದ ಕಾಟ ಬೇರೆ. ತಕ್ಕಡಿಯ ಮುಳ್ಳು ಎತ್ತ ವಾಲುತ್ತದೆಂಬುದು ಒಬ್ಬೊಬ್ಬಳ ವಯಸ್ಸು, ರೋಗದ ಬಗೆ, ಬಾಳಿನ ಸ್ಥಿತಿ ಇವುಗಳ ಮೇಲೆ ನಿಂತಿದೆ. ವೈದ್ಯರೊಡನೆ ಕುಳಿತು ತೀರ್ಮಾನಿಸಬೇಕಾದ ಮಾತು ಇದು; ಹೇಳದೆ ಕೇಳದೆ ಗುಳಿಗೆ ಬಿಟ್ಟುಬಿಡುವುದು ತೀರ್ಮಾನವಲ್ಲ.

ಚಿಕ್ಕ ವಯಸ್ಸಿನವರ ಪ್ರಶ್ನೆ ಇನ್ನೊಂದು. ಗುಳಿಗೆ ನುಂಗುವಾಗ ಬಸಿರಾಗಕೂಡದು. ಐದು ಹತ್ತು ವರ್ಷ ಕಾದರೆ ಹಡೆಯುವ ವಯಸ್ಸೇ ಮೀರೀತು. 2023ರಲ್ಲಿ ಪ್ರಕಟವಾದ ಅನೇಕ ದೇಶಗಳ ಅಧ್ಯಯನವೊಂದರಲ್ಲಿ, 42 ವರ್ಷ ಮೀರದ, ಮೊದಲ ಹಂತಗಳ ರೋಗವಿದ್ದ ಸುಮಾರು ಐನೂರು ಹೆಂಗಸರು ಒಂದೂವರೆಯಿಂದ ಎರಡೂವರೆ ವರ್ಷ ಮದ್ದು ತೆಗೆದುಕೊಂಡು, ಮಗುವಿಗಾಗಿ ಎರಡು ವರ್ಷದವರೆಗೆ ನಿಲ್ಲಿಸಿದರು. ಮೂರು ವರ್ಷಗಳಲ್ಲಿ ಅವರಲ್ಲಿ ರೋಗ ಮರಳಿದ್ದು ನೂರಕ್ಕೆ 8.9, ನಿಲ್ಲಿಸದಿದ್ದ ಇಂಥವರೇ ಆದ ಇತರರಲ್ಲಿ 9.2. ದೀರ್ಘಕಾಲದ ಲೆಕ್ಕಕ್ಕೆ ಇನ್ನೂ ಕಾಯಬೇಕು. ಆದರೂ ನಿನಗೆ ಇನ್ನು ಮಕ್ಕಳ ಮಾತೇ ಬೇಡ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಕಾಲ ಕಳೆಯಿತು.

ಊದಿದ ಕೈಯ ವಿಷಯದಲ್ಲಿಯೂ ಹೀಗೆಯೇ. ಕೊಡ ಎತ್ತಬೇಡ, ಮಗುವನ್ನು ಎತ್ತಬೇಡ ಎಂದು ಬಹಳ ಕಾಲ ಹೇಳುತ್ತಿದ್ದರು. 2009ರಲ್ಲಿ ಅಮೆರಿಕದಲ್ಲಿ ಕೈ ಊದಿದ್ದ 141 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿನವರು ತಿಳಿದವರ ಕಣ್ಣೆದುರಿನಲ್ಲಿ, ಕೈಗೆ ಬಿಗಿಯಾದ ತೋಳುಚೀಲವನ್ನು ಧರಿಸಿ, ಹಗುರದಿಂದ ಆರಂಭಿಸಿ ಮೆಲ್ಲಮೆಲ್ಲನೆ ಭಾರವನ್ನು ಏರಿಸುತ್ತ ಹೋದರು. ವರ್ಷ ಕಳೆದರೂ ಅವರ ಊತ ಹೆಚ್ಚಲಿಲ್ಲ. ಊತ ಕೆರಳುವುದು ಅವರಲ್ಲಿಯೇ ಕಡಿಮೆಯಾಯಿತು. ಟೆರೀಸ್ ಲ್ಯಾಸರರ ರಬ್ಬರ್ ಚೆಂಡಿಗೆ ಐವತ್ತು ವರ್ಷಗಳ ಮೇಲೆ ಶಾಸ್ತ್ರದ ಒಪ್ಪಿಗೆ ದೊರೆತಂತಾಯಿತು.

ಕೊನೆಯದು ಪರೀಕ್ಷೆಗಳ ಮಾತು. ಭಯ ನಮ್ಮನ್ನು ಪರೀಕ್ಷೆಯಿಂದ ಪರೀಕ್ಷೆಗೆ ಓಡಿಸುತ್ತದೆ. ಯಾವ ತೊಂದರೆಯೂ ಕಾಣದವರಿಗೆ ಆಗಾಗ್ಗೆ ಮೂಳೆಗಳ ಸ್ಕ್ಯಾನು, ಎದೆಯ ಎಕ್ಸ್-ರೇ ಮಾಡಿಸುತ್ತಿದ್ದರೆ ಆಯುಸ್ಸು ಹೆಚ್ಚುವುದೆ ಎಂದು ಇಟಲಿಯ ಎರಡು ಅಧ್ಯಯನಗಳು, ಒಂದೊಂದೂ ಸಾವಿರಕ್ಕೆ ಮೀರಿದ ಹೆಂಗಸರಲ್ಲಿ, ವಿಚಾರಿಸಿದುವು. 1994ರಲ್ಲಿ ಬಂದ ಉತ್ತರ: ಹೆಚ್ಚುವುದಿಲ್ಲ. ಕ್ರಮವಾಗಿ ವೈದ್ಯರನ್ನು ಕಾಣುವುದು, ವರ್ಷಕ್ಕೊಮ್ಮೆ ಎದೆಯ ಎಕ್ಸ್-ರೇ ಚಿತ್ರವಾದ ಮ್ಯಾಮೊಗ್ರಾಮ್ ತೆಗೆಸುವುದು, ಹೊಸ ಗಂಟೋ ಬಿಡದ ನೋವೋ ಕಂಡರೆ ತಡಮಾಡದೆ ತಿಳಿಸುವುದು, ಇವೇ ಸಾಮಾನ್ಯವಾಗಿ ಸಾಕು. ಬಡವರ ಮನೆಗೆ ಇದು ದೊಡ್ಡ ಉಪಕಾರದ ಮಾತು.

ನಮ್ಮ ದೇಶದಲ್ಲಿ ಈ ರೋಗಕ್ಕೆಂದೇ ಆಸ್ಪತ್ರೆಗಳು ಬೇಗನೆ ಎದ್ದುವು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ, ಮದರಾಸಿನ ಅಡಿಯಾರಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮೀ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾದುವು. ದೂರದ ಹಳ್ಳಿಯಿಂದ ಬರುವವಳಿಗೆ ತೀರ್ಮಾನವೆಂದರೆ ಮದ್ದಿನ ಮಾತಷ್ಟೇ ಅಲ್ಲ; ಬಸ್ಸಿನ ಖರ್ಚು, ಉಳಿಯುವ ಜಾಗ, ಮನೆಯಲ್ಲಿ ಬಿಟ್ಟು ಬಂದ ಮಕ್ಕಳು, ಕರೆಯುವ ಹಸು. ಎದೆಯನ್ನು ಉಳಿಸಿಕೊಂಡರೆ ಕಿರಣಚಿಕಿತ್ಸೆಗೆ ಹಿಂದೆ ಐದು ವಾರ ಬೇಕಾಗಿತ್ತು. ಆಮೇಲೆ ಮೂರು ವಾರಕ್ಕೆ ಇಳಿಯಿತು. ತಕ್ಕವರಿಗೆ ಒಂದೇ ವಾರವೂ ಸಾಕಾದೀತೆಂದು ಇಂಗ್ಲೆಂಡಿನ ಅಧ್ಯಯನವೊಂದು 2020ರಲ್ಲಿ ತೋರಿಸಿತು. ಎಷ್ಟು ವಾರವೆಂದು ಕೇಳುವುದೂ ಚಿಕಿತ್ಸೆಯ ಭಾಗವೇ.

ನಮ್ಮ ಮನೆಗಳಲ್ಲಿ ಇನ್ನೂ ಬಹಳ ಕಡೆ ವೈದ್ಯರೊಡನೆ ಮಾತನಾಡುವವರು ಗಂಡನೋ ಅಣ್ಣನೋ ದೊಡ್ಡಮಗನೋ. ರೋಗಿ ಬಾಗಿಲಾಚೆ ಬೆಂಚಿನ ಮೇಲೆ ಕುಳಿತಿರುತ್ತಾಳೆ. ಅವಳು ಹೆದರಿಯಾಳು ಎಂಬ ಮರುಕದಿಂದಲೇ ಹೀಗೆ ಮಾಡುತ್ತಾರೆ. ಪ್ಯಾರಿಸಿನ ಆ ಏಳು ಮಂದಿಯೂ ಮರುಕದಿಂದಲೇ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಆ ಬಟ್ಟೆಯ ಹಿಂದಿನಿಂದ ಅವಳಿಗೆ ಎಲ್ಲವೂ ಕಾಣುತ್ತಿತ್ತೆಂಬುದನ್ನು ಮರೆಯಬಾರದು. ಮುಂದಿನ ಸಲ ವೈದ್ಯರ ಕೋಣೆಗೆ ಹೋಗುವಾಗ ಅವಳನ್ನೂ ಒಳಗೆ ಕರೆದುಕೊಂಡು ಹೋಗಿ, ಅವಳಿಗೊಂದು ಕುರ್ಚಿ ಕೊಡಿ. ಅವಳು ಕೇಳಲಿ.